ಪೆಟ್ಟು ಬಿದ್ದು ಕಿತ್ತುಬಂದ ಹಲ್ಲನ್ನು ಹೆಂಚಿನ ಮೇಲೆ ಎಸೆಯಬೇಡಿ

ಪ್ರಶ್ನೆ: ನಾವು ಪಾಂಡವಪುರ ತಾಲ್ಲೂಕಿನ ಹಳ್ಳಿಯವರು. ದೊಡ್ಡ ಮಗನಿಗೆ 9 ವರ್ಷ. ಹೋದ ಭಾನುವಾರ ನಾಲೆ ಏರಿ ಮೇಲೆ ಸೈಕಲ್ ಹೊಡೆಯುವಾಗ ಬಿದ್ದ. ಮೇಲಿನ ಮುಂದಿನ ಹಲ್ಲು ಬೇರು ಸಮೇತ ಕಿತ್ತುಬಂತು. ಪಕ್ಕದ ಹಲ್ಲಿನ ಮೂಲೆ ಮುರಿಯಿತು. ನಮ್ಮತ್ತೆ ‘ಹಾಲುಹಲ್ಲು ತಾನೇ, ಸಗಣೀಲಿ ಸುತ್ತಿ ಹೆಂಚಿನ ಮೇಲೆ ಎಸಿ, ಮತ್ತೆ ಬತ್ತದೆ’ ಅಂದರು. ನನಗೆ ಮನಸ್ಸು ಬರಲಿಲ್ಲ. ಸೋಪು ಹಾಕಿ ಉಜ್ಜಿ ತೊಳೆದು, ಪೇಪರಲ್ಲಿ ಸುತ್ತಿ ಇಟ್ಟುಕೊಂಡೆ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎರಡೂವರೆ ಗಂಟೆ ಆಗಿತ್ತು. ಅವರು ಹಲ್ಲು ಕೂರಿಸಿ ತಂತಿ ಹಾಕಿದ್ದಾರೆ. ‘ಬಹಳ ವರ್ಷ ನಿಲ್ಲುವುದು ಕಷ್ಟ’ ಎಂದೂ ಹೇಳಿದರು. ನಿಲ್ಲದಿದ್ದರೆ ಯಾಕೆ ಕೂರಿಸಬೇಕಿತ್ತು? ಸುಮ್ನೆ ಖರ್ಚಾ? ಇನ್ನೊಂದು, ಚಿಕ್ಕ ಮಗಳಿಗೆ 3 ವರ್ಷ. ನಾಲ್ಕು ತಿಂಗಳ ಹಿಂದೆ ಜಗಲಿಯಿಂದ ಬಿದ್ದಿದ್ದಳು. ಈಗ ಮುಂದಿನ ಹಲ್ಲು ಕಪ್ಪಾಗಿದೆ. ಕೀಳಿಸಬೇಕಾ? ನನ್ನ ತಪ್ಪಿನಿಂದಲೇ ಮಗನಿಗೆ ಹೀಗಾಯಿತಾ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ನೋಡೀಮ್ಮ, ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಮಗನದು ಹಾಲುಹಲ್ಲಲ್ಲ, ಮತ್ತೆ ಹುಟ್ಟದ ಶಾಶ್ವತ ಹಲ್ಲು. ಮನೆಯ ಹಿರಿಯರು ಎಸಿ ಎಂದರೂ ನೀವು ಆ ಹಲ್ಲನ್ನು ಎಸೆಯಲಿಲ್ಲ. ಜೋಪಾನವಾಗಿ ಇಟ್ಟುಕೊಂಡು ಡಾಕ್ಟರ ಹತ್ತಿರ ಓಡಿದಿರಿ. ನಾನು ಮೈಸೂರಿನಲ್ಲಿ ಮಕ್ಕಳ ಹಲ್ಲಿನ ಡಾಕ್ಟರ್. ನನ್ನ ಹತ್ತಿರ ಬರುವ ಎಷ್ಟೋ ತಂದೆ ತಾಯಂದಿರು ಬರಿಗೈಯಲ್ಲಿ ಬರುತ್ತಾರೆ. ಹಲ್ಲೆಲ್ಲಿ ಅಂತ ಕೇಳಿದರೆ ‘ಅಲ್ಲೇ ಬಿತ್ತು ಮೇಡಂ, ಹುಡುಕಲಿಲ್ಲ’ ಅನ್ನುತ್ತಾರೆ. ಸೋಪು ಹಾಕಿ ಉಜ್ಜಿದ್ದು, ಪೇಪರಲ್ಲಿ ಸುತ್ತಿದ್ದು ಹಲ್ಲಿಗೆ ಒಳ್ಳೆಯದಾಗಲಿಲ್ಲ, ಅದು ನಿಜ. ಆದರೆ ಮಣ್ಣಿಗೆ ಬಿದ್ದದ್ದನ್ನು ಚೆನ್ನಾಗಿ ತೊಳೆಯಬೇಕು, ಒಣಗಿಸಿ ಇಡಬೇಕು ಎಂದೇ ನಮಗೆಲ್ಲ ಕಲಿಸಿರುವುದು. ಹಲ್ಲಿನ ವಿಷಯ ಬೇರೆ ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವರು ನಾವು, ಹಲ್ಲಿನ ಡಾಕ್ಟರುಗಳು. ಅದಕ್ಕೇ ಈ ಉತ್ತರವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಹಲ್ಲಿನ ವಿಷಯ ಯಾಕೆ ಬೇರೆ? ಹಲ್ಲು ದವಡೆ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಒಂದು ತೆಳುವಾದ ಪೊರೆ ಇದೆ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಮಾತ್ರ. ಹಲ್ಲು ಕಿತ್ತುಬಂದಾಗ ಈ ಪೊರೆ ಹರಿಯುತ್ತದೆ. ಅರ್ಧ ಮೂಳೆಯ ಗೂಡಿನಲ್ಲಿ ಉಳಿಯುತ್ತದೆ, ಅರ್ಧ ಬೇರಿನ ಮೇಲೆ ಅಂಟಿಕೊಂಡು ಬರುತ್ತದೆ. ಬೇರಿನ ಮೇಲಿರುವ ಆ ಪೊರೆಗೆ ಇನ್ನೂ ಜೀವ ಇರುತ್ತದೆ. ಬೇಗ ವಾಪಸ್ ಕೂರಿಸಿದರೆ ಎರಡು ಅರ್ಧಗಳೂ ಮತ್ತೆ ಕೂಡಿಕೊಳ್ಳುತ್ತವೆ.

ನಿಮಗೆ ಇದನ್ನು ಹೇಳಲು ಬೇರೆ ಹೋಲಿಕೆ ಬೇಡ. ಒಟ್ಲು ಪಾತಿಯಿಂದ ಕಿತ್ತ ಭತ್ತದ ಪೈರನ್ನು ನೀವು ಏನು ಮಾಡುತ್ತೀರಿ? ಬೇರು ಉಜ್ಜುವುದಿಲ್ಲ, ಬಿಸಿಲಿನಲ್ಲಿ ಒಣಹಾಕುವುದಿಲ್ಲ. ಕಟ್ಟು ಕಟ್ಟಿ ನೀರಲ್ಲಿಟ್ಟು, ಆದಷ್ಟು ಬೇಗ ಗದ್ದೆಗೆ ನಾಟಿ ಮಾಡುತ್ತೀರಿ. ಹಲ್ಲಿನ ಬೇರೂ ಹಾಗೆಯೇ. ಒಂದೇ ವ್ಯತ್ಯಾಸ, ಪೈರು ಒಂದು ರಾತ್ರಿ ತಡೆಯುತ್ತದೆ, ಹಲ್ಲು ತಡೆಯುವುದಿಲ್ಲ. ಗಾಳಿಗೆ ಒಣಗಿದರೆ 30 ನಿಮಿಷದಲ್ಲಿ ಆ ಪೊರೆಯ ಬಹುಪಾಲು ಜೀವಕೋಶಗಳು ಸತ್ತಿರುತ್ತವೆ. ಒಂದು ಗಂಟೆ ಆದಮೇಲೆ ಉಳಿಯುವುದು ಏನೂ ಇಲ್ಲ ಎಂದೇ ನಾವು ಲೆಕ್ಕ ಹಿಡಿಯುವುದು.

ಡೆನ್ಮಾರ್ಕಿನ ಡಾಕ್ಟರ್ ಆಂಡ್ರಿಯಾಸನ್ ತಮ್ಮ ಜೊತೆಗಾರರೊಂದಿಗೆ, ಹೀಗೆ ಬಿದ್ದು ವಾಪಸ್ ಕೂರಿಸಿದ 110 ಹಲ್ಲುಗಳ ಕಥೆಯನ್ನು 1966ರಲ್ಲಿ ಪ್ರಕಟಿಸಿದರು. ಅರ್ಧ ಗಂಟೆಯೊಳಗೆ ಕೂರಿಸಿದ್ದವುಗಳಲ್ಲಿ ನೂರಕ್ಕೆ 90ರಷ್ಟು ಹಲ್ಲುಗಳ ಬೇರು ಕರಗಲಿಲ್ಲ. ಎರಡು ಗಂಟೆ ದಾಟಿದ ಮೇಲೆ ಕೂರಿಸಿದ್ದವುಗಳಲ್ಲಿ ನೂರಕ್ಕೆ 95ರಷ್ಟು ಬೇರು ಕರಗಿತು. ಇಷ್ಟು ವರ್ಷ ಕಳೆದರೂ ಆ ಪಾಠ ಬದಲಾಗಿಲ್ಲ. ನಿಮ್ಮ ಡಾಕ್ಟರು ‘ಬಹಳ ವರ್ಷ ನಿಲ್ಲುವುದು ಕಷ್ಟ’ ಎಂದದ್ದು ಇದರಿಂದಲೇ. ಅವರು ನಿಮಗೆ ನಿಜ ಹೇಳಿದ್ದಾರೆ.

ಹಾಗಾದರೆ ಯಾಕೆ ಕೂರಿಸಿದರು? ಇದು ಒಳ್ಳೆಯ ಪ್ರಶ್ನೆ. ಪೊರೆ ಸತ್ತ ಬೇರನ್ನು ಮೂಳೆ ತನ್ನದೇ ಭಾಗ ಎಂದುಕೊಳ್ಳುತ್ತದೆ. ಬೇರಿಗೆ ನೇರವಾಗಿ ಅಂಟಿಕೊಂಡು, ನಿಧಾನಕ್ಕೆ ಬೇರನ್ನು ಕರಗಿಸಿ ಆ ಜಾಗದಲ್ಲಿ ಮೂಳೆ ಬೆಳೆಸುತ್ತದೆ. ಇದು ಒಂದು ದಿನದ ಕೆಲಸ ಅಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟು ವರ್ಷ ನಿಮ್ಮ ಮಗನ ಬಾಯಲ್ಲಿ ಅವನದೇ ಹಲ್ಲು ಇರುತ್ತದೆ. ಆ ಜಾಗದ ಮೂಳೆಯ ಎತ್ತರ, ಅಗಲ ಉಳಿದುಕೊಳ್ಳುತ್ತದೆ. ಹಲ್ಲು ಇಲ್ಲದೆ ಖಾಲಿ ಬಿಟ್ಟಿದ್ದರೆ ಮೂಳೆ ಕುಗ್ಗುತ್ತಿತ್ತು. ಅಕ್ಕಪಕ್ಕದ ಹಲ್ಲು ಆ ಸಂದಿಗೆ ವಾಲುತ್ತಿದ್ದವು. ಮುಂದೆ ಅವನು ದೊಡ್ಡವನಾಗಿ ಕೃತಕ ಹಲ್ಲು ಹಾಕಿಸುವಾಗ ಅದಕ್ಕೆ ನೆಲೆಯೇ ಸಿಗುತ್ತಿರಲಿಲ್ಲ. 9 ವರ್ಷದ ಹುಡುಗನಿಗೆ ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ದುಡ್ಡು ದಂಡ ಆಗಿಲ್ಲ.

ಈಗ ತುರ್ತಾಗಿ ಮಾಡಬೇಕಾದ್ದು. ತಂತಿಯನ್ನು ಸಾಮಾನ್ಯವಾಗಿ ಎರಡು ವಾರಕ್ಕೆ ತೆಗೆಯುತ್ತಾರೆ. ಹಲ್ಲಿನ ಗೂಡಿನ ಮೂಳೆಯೂ ಮುರಿದಿದ್ದರೆ ನಾಲ್ಕು ವಾರ. ಜಾಸ್ತಿ ದಿನ ಬಿಟ್ಟರೆ ಗಟ್ಟಿಯಾಗುತ್ತದೆ ಅಂದುಕೊಳ್ಳಬೇಡಿ. ತಂತಿ ತೆಳುವಾಗಿ, ಹಲ್ಲು ಸ್ವಲ್ಪ ಅಲುಗಾಡುವಂತೆ ಇರಬೇಕು. ಅದಕ್ಕಿಂತ ಮುಖ್ಯವಾದದ್ದು ಬೇರಿನ ಒಳಗಿನ ನರ. ಎಕ್ಸ್‌ರೇಯಲ್ಲಿ ಬೇರಿನ ತುದಿ ಮುಚ್ಚಿಕೊಂಡಿದೆಯಾ, ಇನ್ನೂ ತೆರೆದಿದೆಯಾ ಎಂದು ಡಾಕ್ಟರನ್ನು ಕೇಳಿ. ಮೇಲಿನ ಮುಂದಿನ ಹಲ್ಲಿನ ಬೇರು ಸುಮಾರು 10 ವರ್ಷಕ್ಕೆ ಪೂರ್ತಿ ಬೆಳೆಯುತ್ತದೆ, ಹಾಗಾಗಿ ನಿಮ್ಮ ಮಗನಿಗೆ ಎರಡೂ ಸಾಧ್ಯ. ತುದಿ ಮುಚ್ಚಿದ್ದರೆ ಎರಡು ವಾರದೊಳಗೆ ರೂಟ್ ಕೆನಾಲ್, ಅಂದರೆ ಒಳಗಿನ ನರ ತೆಗೆದು ಆ ಜಾಗ ತುಂಬುವ ಚಿಕಿತ್ಸೆ, ಶುರು ಮಾಡಬೇಕು. ‘ನೋವಿಲ್ಲವಲ್ಲ, ಆಮೇಲೆ ನೋಡೋಣ’ ಅಂತ ಬಿಟ್ಟರೆ ಒಳಗಿನ ಸತ್ತ ನರ ಕೊಳೆತು, ವರ್ಷಗಟ್ಟಲೆ ಉಳಿಯಬೇಕಾದ ಬೇರನ್ನು ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ. ಇಂಥ ಹಲ್ಲುಗಳು ನೋವು ಕೊಡದೆ ಹಾಳಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತುದಿ ಅಗಲವಾಗಿ ತೆರೆದಿದ್ದರೆ, ನರ ಮತ್ತೆ ಜೀವ ಪಡೆಯುತ್ತದೆಯೇ ಎಂದು ಡಾಕ್ಟರು ಸ್ವಲ್ಪ ಕಾಯಬಹುದು. ಆಗ ಪದೇ ಪದೇ ಎಕ್ಸ್‌ರೇ ಬೇಕು. ‘ಯಾಕೆ ಇಷ್ಟೊಂದು ಸಲ ಕರೆಯುತ್ತಾರೆ’ ಅಂತ ಬೇಸರ ಮಾಡಿಕೊಳ್ಳಬೇಡಿ.

ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. 5ರಿಂದ 6 ವರ್ಷದ ಬೂಸ್ಟರ್ ಲಸಿಕೆ ಹಾಕಿಸಿದ್ದೀರಾ ಎಂದು ನೋಡಲಿ. ಹಲ್ಲು ಮಣ್ಣಿಗೆ ಬಿದ್ದಿತ್ತಲ್ಲ, ಧನುರ್ವಾಯು ಲಸಿಕೆ ಬೇಕೇ ಎಂದು ಅವರು ಹೇಳುತ್ತಾರೆ. ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಹೇಳಿದಷ್ಟು ದಿನ ಪೂರ್ತಿ ಕೊಡಿ.

ಊಟದ ವಿಷಯದಲ್ಲಿ ನಮ್ಮ ಕಡೆಯ ಮಕ್ಕಳು ಪುಣ್ಯವಂತರು. ಮುದ್ದೆಯನ್ನು ಹೇಗೂ ನುಂಗುವುದೇ, ಅಲ್ವಾ? ಎರಡು ವಾರ ಉಗುರು ಬೆಚ್ಚಗಿನ ಮುದ್ದೆ ಸಾರು, ಇಡ್ಲಿ, ಮೊಸರನ್ನ, ಅಂಬಲಿ ಸಾಕು. ಕಬ್ಬು ಮಾತ್ರ ಬೇಡವೇ ಬೇಡ. ಮಂಡ್ಯದ ಹುಡುಗನಿಗೆ ಕಬ್ಬು ಸಿಗಿಯಬೇಡ ಅನ್ನುವುದು ಕಷ್ಟ ಅಂತ ನನಗೆ ಗೊತ್ತು. ಸೀಬೆಕಾಯಿ, ನಿಪ್ಪಟ್ಟು, ಮದ್ದೂರು ವಡೆಯೂ ಈಗ ಬೇಡ. ಮೆತ್ತನೆಯ ಬ್ರಷ್‌ನಿಂದ ದಿನಾ ಹಲ್ಲುಜ್ಜಲೇಬೇಕು. ಗಾಯ ಇದೆ ಅಂತ ಉಜ್ಜದೆ ಬಿಟ್ಟರೆ ವಸಡು ಊದಿಕೊಳ್ಳುತ್ತದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟಿದ್ದರೆ ದಿನಕ್ಕೆರಡು ಸಲ ಮುಕ್ಕಳಿಸಿ ಉಗಿಯಲಿ.

ಮುರಿದ ಪಕ್ಕದ ಹಲ್ಲನ್ನು ಮರೆಯಬೇಡಿ. ಎಲ್ಲರ ಕಣ್ಣೂ ಕಿತ್ತುಬಂದ ಹಲ್ಲಿನ ಮೇಲೇ ಇರುತ್ತದೆ, ಮುರಿದದ್ದು ಹಾಗೇ ಉಳಿದುಬಿಡುತ್ತದೆ. ಮುರಿದ ಚೂರು ಸಿಕ್ಕಿದ್ದರೆ ಅದನ್ನೇ ಅಂಟಿಸಬಹುದು. ಒಣಗಿದ್ದರೂ ನೀರಲ್ಲಿ ನೆನೆಸಿ ಅಂಟಿಸುತ್ತೇವೆ. ಸಿಗದಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಮಾಡಿ ಮೂಲೆ ತುಂಬುತ್ತೇವೆ. ಆದರೆ ಆ ಚೂರು ಎಲ್ಲೂ ಕಾಣದೆ ಮಗನ ತುಟಿ ಒಡೆದಿದ್ದರೆ ಡಾಕ್ಟರಿಗೆ ಹೇಳಿ. ಕೆಲವು ಸಲ ಚೂರು ತುಟಿಯೊಳಗೇ ಹುದುಗಿರುತ್ತದೆ. ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಕಾಣುತ್ತಿದ್ದರೆ ನರ ಹೊರಗೆ ಬಂದಿದೆ ಎಂದರ್ಥ. ಆಗಲೂ ಮಕ್ಕಳಿಗೆ ತಕ್ಷಣ ರೂಟ್ ಕೆನಾಲ್ ಬೇಕಿಲ್ಲ. ಮೇಲಿನ ಒಂದೆರಡು ಮಿಲಿಮೀಟರ್ ನರ ತೆಗೆದು, ಔಷಧಿ ಇಟ್ಟು ಮುಚ್ಚಿದರೆ ಉಳಿದ ನರ ಬದುಕುತ್ತದೆ, ಬೇರು ಪೂರ್ತಿ ಬೆಳೆಯುತ್ತದೆ. ಈ ವಿಧಾನವನ್ನು 1978ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಡಾಕ್ಟರ್ ಸ್ವೆಕ್. ಬೆಳೆಯುತ್ತಿರುವ ಹಲ್ಲುಗಳಿಗೆ ಇಷ್ಟು ಉಪಕಾರ ಮಾಡಿದ ಚಿಕಿತ್ಸೆ ಇನ್ನೊಂದು ನನಗೆ ಕಾಣುವುದಿಲ್ಲ.

ಮುಂದಿನ ವರ್ಷಗಳಲ್ಲಿ ಏನಾಗುತ್ತದೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಗಾಬರಿಯಾಗಬಾರದು. ಮೂಳೆಗೆ ಅಂಟಿಕೊಂಡ ಹಲ್ಲು ಬೆಳವಣಿಗೆಯ ಜೊತೆ ಕೆಳಗಿಳಿಯುವುದಿಲ್ಲ. ದವಡೆ ಬೆಳೆಯುತ್ತದೆ, ಪಕ್ಕದ ಹಲ್ಲು ಇಳಿಯುತ್ತವೆ, ಇದು ಮಾತ್ರ ಇದ್ದಲ್ಲೇ ಇರುತ್ತದೆ. ನೋಡುವವರಿಗೆ ಗಿಡ್ಡವಾದಂತೆ ಕಾಣುತ್ತದೆ. ತಟ್ಟಿದರೆ ಪಕ್ಕದ ಹಲ್ಲಿಗಿಂತ ಬೇರೆ ಸದ್ದು, ಲೋಹ ತಟ್ಟಿದ ಹಾಗೆ. ಈ ಗಿಡ್ಡತನ ಒಂದು ಮಿಲಿಮೀಟರ್ ದಾಟಿದರೆ ಹಲ್ಲಿನ ಮೇಲ್ಭಾಗವನ್ನು ಕತ್ತರಿಸಿ ತೆಗೆದು, ಬೇರನ್ನು ವಸಡಿನೊಳಗೇ ಬಿಡುತ್ತೇವೆ. ಅದು ಮೂಳೆಯಾಗಿ ಬದಲಾಗುತ್ತದೆ, ನೆಲೆ ಉಳಿಯುತ್ತದೆ. ಕತ್ತರಿಸಿದ ಹಲ್ಲನ್ನೇ ಪಕ್ಕದ ಹಲ್ಲುಗಳಿಗೆ ಅಂಟಿಸಿ ಸಂದಿ ಮುಚ್ಚಲೂಬಹುದು. ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ತಿರುಪು ಕೂರಿಸಿ ಹಾಕುವ ಕೃತಕ ಹಲ್ಲು, ಮಾತ್ರ ಬೆಳವಣಿಗೆ ಪೂರ್ತಿ ಮುಗಿಯುವವರೆಗೂ ಬೇಡ. 13, 14ರ ಮಕ್ಕಳಿಗೆ ಇಂಪ್ಲಾಂಟ್ ಹಾಕೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅದೂ ಮೂಳೆಗೆ ಅಂಟಿ, ಇದ್ದಲ್ಲೇ ನಿಂತುಬಿಡುತ್ತದೆ.

ಅದಕ್ಕೇ ತಪಾಸಣೆ ಬಿಡಬಾರದು. ತಂತಿ ತೆಗೆದ ಮೇಲೆ ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೆ ಕಡಿಮೆ ಅಂದರೂ ಐದು ವರ್ಷ ವರ್ಷಕ್ಕೊಮ್ಮೆ. ಖರ್ಚಿನ ಚಿಂತೆ ಇದ್ದರೆ ಮೈಸೂರಿನ ಜೆಎಸ್‌ಎಸ್ ದಂತ ಕಾಲೇಜು, ಫಾರೂಕಿಯಾ ದಂತ ಕಾಲೇಜುಗಳಲ್ಲಿ ಮಕ್ಕಳ ದಂತ ವಿಭಾಗವೇ ಇದೆ. ದಂತ ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಎಲ್ಲಿಗೇ ಹೋದರೂ ಮೊದಲ ದಿನದ ಎಕ್ಸ್‌ರೇ ಕಳೆಯಬೇಡಿ. ಹೋಲಿಸಿ ನೋಡಲು ಅದು ಬೇಕೇ ಬೇಕು.

ಇನ್ನು ನಿಮ್ಮ ಮಗಳ ವಿಷಯ. ಕಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಕೀಳಿಸಬೇಡಿ. ಪೆಟ್ಟು ಬಿದ್ದಾಗ ಹಲ್ಲಿನ ಒಳಗೆ ರಕ್ತ ಒಸರಿ, ಅದರ ಬಣ್ಣ ಹಲ್ಲಿಗೆ ಹತ್ತಿರುತ್ತದೆ. ಮೊಣಕಾಲಿಗೆ ಪೆಟ್ಟು ಬಿದ್ದರೆ ಕಂದಿಹೋಗುವುದಿಲ್ಲವೇ, ಹಾಗೆ. ಎಷ್ಟೋ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ಬಣ್ಣ ತಿಳಿಯಾಗುತ್ತದೆ, ಇಲ್ಲವೇ ಹಳದಿಗೆ ತಿರುಗುತ್ತದೆ. ಒಮ್ಮೆ ತೋರಿಸಿ ಎಕ್ಸ್‌ರೇ ಮಾಡಿಸಿ. ಆಮೇಲೆ ಹಲ್ಲುಜ್ಜಿಸುವಾಗ ತುಟಿ ಎತ್ತಿ ನೋಡುತ್ತಿರಿ. ವಸಡಿನ ಮೇಲೆ ಮೊಡವೆಯಂಥ ಗುಳ್ಳೆ, ಕೀವು, ಊತ ಕಂಡರೆ ತಡಮಾಡಬೇಡಿ. ಇಲ್ಲದಿದ್ದರೆ ಆ ಹಲ್ಲು 6, 7 ವರ್ಷಕ್ಕೆ ತಾನಾಗಿ ಬೀಳುತ್ತದೆ. ಹಾಲುಹಲ್ಲಿನ ಬೇರಿನ ಹಿಂದೆಯೇ ಹೊಸ ಹಲ್ಲಿನ ಮೊಳಕೆ ಕೂತಿರುತ್ತದೆ. ಹಾಗಾಗಿ ಮುಂದೆ ಬರುವ ಹಲ್ಲಿನ ಮೇಲೆ ಬಿಳಿ ಅಥವಾ ಹಳದಿ ಮಚ್ಚೆ ಕಂಡರೆ ಗಾಬರಿಯಾಗಬೇಡಿ, ಈ ಪೆಟ್ಟಿನ ಗುರುತು ಇರಬಹುದು. ಅದನ್ನು ಸರಿಮಾಡಬಹುದು.

ನಿಮ್ಮತ್ತೆ ಹೇಳಿದ್ದರಲ್ಲೂ ಅರ್ಧ ನಿಜ ಇದೆ. ನಿಜವಾದ ಹಾಲುಹಲ್ಲು ಪೆಟ್ಟಿಗೆ ಕಿತ್ತುಬಂದರೆ ಅದನ್ನು ವಾಪಸ್ ಕೂರಿಸಬಾರದು. ಕೂರಿಸಲು ಹೋದರೆ ಹಿಂದಿನ ಮೊಳಕೆಗೆ ಏಟಾಗುತ್ತದೆ. ಗೊತ್ತು ಮಾಡಿಕೊಳ್ಳುವುದು ಹೇಗೆ? 5 ವರ್ಷದೊಳಗಿನ ಮಗುವಾದರೆ ಬಹುಪಾಲು ಹಾಲುಹಲ್ಲೇ. ಕೆಳಗಿನ ನಡುವಿನ ಹಲ್ಲು 6, 7ಕ್ಕೆ, ಮೇಲಿನವು 7, 8ಕ್ಕೆ ಬದಲಾಗುತ್ತವೆ. ಹೊಸ ಹಲ್ಲು ಅಗಲ ಇರುತ್ತದೆ, ಅಂಚು ಗರಗಸದ ಹಾಗೆ, ಬೇರು ದಪ್ಪ. ತಾನಾಗಿ ಉದುರುವ ಹಾಲುಹಲ್ಲಿಗೆ ಬೇರೇ ಇರುವುದಿಲ್ಲ, ಕರಗಿಹೋಗಿರುತ್ತದೆ. ಹೆಂಚಿನ ಮೇಲೆ ಎಸೆಯುವ ಶಾಸ್ತ್ರ ಆ ಹಲ್ಲಿಗೆ ಇರಲಿ. ಉದ್ದ ಬೇರಿರುವ ಹಲ್ಲು ಕೈಗೆ ಬಂದರೆ ಅನುಮಾನವಿದ್ದರೂ ಹಾಲಿಗೆ ಹಾಕಿ ತನ್ನಿ, ಡಾಕ್ಟರು ನೋಡಿ ಹೇಳುತ್ತಾರೆ.

ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 12 ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಹಲ್ಲಿಗೆ ಪೆಟ್ಟಾಗಿರುತ್ತದೆ. ಸೈಕಲ್, ಕಬಡ್ಡಿ, ಶಾಲೆಯ ಸಿಮೆಂಟ್ ನೆಲ, ಕೈಪಂಪಿನ ಹಿಡಿ ಮೇಲೆ ಹಾರಿ ಗದ್ದಕ್ಕೆ ಬಡಿಯುವುದು, ಎಲ್ಲವನ್ನೂ ನಾನು ನೋಡಿದ್ದೇನೆ. ಹಾಗಾಗಿ ಇನ್ನೊಂದು ಮಗುವಿಗೆ ಹೀಗಾದರೆ ಏನು ಮಾಡಬೇಕು ಎಂದು ಹೇಳುತ್ತೇನೆ. ನಿಮ್ಮೂರಿನ ಮೇಷ್ಟ್ರಿಗೂ ಓದಿ ಹೇಳಿ.

ಮೊದಲು ಮಗು. ಪ್ರಜ್ಞೆ ತಪ್ಪಿದ್ದರೆ, ವಾಂತಿಯಾದರೆ, ಮಂಕಾಗಿದ್ದರೆ ಹಲ್ಲಿನ ಮಾತು ಬಿಟ್ಟು 108ಕ್ಕೆ ಫೋನ್ ಮಾಡಿ. ಮಗು ಚೆನ್ನಾಗಿದ್ದರೆ ಹಲ್ಲು ಹುಡುಕಿ. ಬಿಳಿ ಭಾಗವನ್ನು ಮಾತ್ರ ಹಿಡಿಯಿರಿ, ಬೇರನ್ನು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲಿ ಅದ್ದಿ ತೆಗೆಯಿರಿ, ಇಲ್ಲವೇ ನಲ್ಲಿ ನೀರಿನಲ್ಲಿ ಹತ್ತು ಸೆಕೆಂಡ್ ಹಿಡಿಯಿರಿ. ಸೋಪು, ಬ್ರಷ್, ಬಟ್ಟೆ ಯಾವುದೂ ಬೇಡ. ಆಮೇಲೆ ಅಲ್ಲೇ, ಆ ನಿಮಿಷವೇ, ಅದರ ಗೂಡಿಗೆ ಒತ್ತಿ ಕೂರಿಸಿ. ಪಕ್ಕದ ಹಲ್ಲು ನೋಡಿಕೊಂಡರೆ ಮುಂದೆ ಯಾವುದು ಹಿಂದೆ ಯಾವುದು ಗೊತ್ತಾಗುತ್ತದೆ. ಹಳ್ಳವಿರುವ ಬದಿ ನಾಲಿಗೆ ಕಡೆಗೆ. ಮಡಚಿದ ಕರ್ಚೀಫ್ ಕಚ್ಚಿಸಿಕೊಂಡು ಡಾಕ್ಟರ ಹತ್ತಿರ ಬನ್ನಿ. ಇದನ್ನು ಹೇಳಿದಾಗ ಎಲ್ಲರೂ ಹೆದರುತ್ತಾರೆ. ‘ನಮ್ಮ ಕೈಲಾಗುತ್ತಾ ಮೇಡಂ?’ ಅನ್ನುತ್ತಾರೆ. ಆಗುತ್ತದೆ. ಆ ಹೊತ್ತಿನಲ್ಲಿ ಗೂಡು ಇನ್ನೂ ತೆರೆದಿರುತ್ತದೆ, ಹಲ್ಲು ತಾನೇ ಜಾರಿಕೊಂಡು ಕೂರುತ್ತದೆ. ಒಮ್ಮೆ ಶ್ರೀರಂಗಪಟ್ಟಣದ ಕಡೆಯ ಒಬ್ಬರು ಪಿ.ಟಿ. ಮೇಷ್ಟ್ರು ಆಟದ ಬಯಲಿನಲ್ಲೇ ಹುಡುಗಿಯೊಬ್ಬಳ ಹಲ್ಲು ಕೂರಿಸಿ, ಬೈಕಿನಲ್ಲಿ ಕೂರಿಸಿಕೊಂಡು ನನ್ನ ಹತ್ತಿರ ತಂದಿದ್ದರು. ನನಗೆ ತಂತಿ ಹಾಕುವ ಕೆಲಸ ಮಾತ್ರ ಉಳಿದಿತ್ತು. ಅವಳು ಈಗ ಕಾಲೇಜಿಗೆ ಹೋಗುತ್ತಾಳೆ, ಹಲ್ಲು ಹಾಗೇ ಇದೆ.

ಕೂರಿಸಲು ಆಗದಿದ್ದರೆ ಹಾಲು. ನಮ್ಮ ಜಿಲ್ಲೆಯಲ್ಲಿ ಹಾಲಿಗೆ ಬರವೇ? ತಣ್ಣಗಿನ ನಂದಿನಿ ಪ್ಯಾಕೆಟ್ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಮನೆಯ ಕಾಯಿಸಿ ಆರಿದ ಹಾಲೂ ಆದೀತು. ಬಿಸಿ ಹಾಲು ಬೇಡ, ಸಕ್ಕರೆ ಹಾಕಿದ್ದು ಬೇಡ, ಮೊಸರು ಮಜ್ಜಿಗೆ ಬೇಡ. ಹಾಲಿನ ಉಪ್ಪು, ಹುಳಿಯ ಹದ ನಮ್ಮ ದೇಹದ ದ್ರವಕ್ಕೆ ಹತ್ತಿರ ಇರುವುದರಿಂದ ಪೊರೆ ಕೆಲವು ಗಂಟೆ ಬದುಕುತ್ತದೆ. ಹಾಲೂ ಸಿಗದಿದ್ದರೆ ಮಗು ಲೋಟಕ್ಕೆ ಎಂಜಲು ಉಗಿಯಲಿ, ಅದರಲ್ಲಿ ಹಾಕಿ. ಬರೀ ನೀರಿನಲ್ಲಿ ಜೀವಕೋಶಗಳು ಉಬ್ಬಿ ಒಡೆಯುತ್ತವೆ, ಆದರೂ ಒಣಗುವುದಕ್ಕಿಂತ ನೀರು ವಾಸಿ. ಮದ್ದೂರಿನ ಕಡೆಯವರು ಎಳನೀರು ಆಗುತ್ತಾ ಎಂದು ಕೇಳುತ್ತಾರೆ. ಅದರ ಮೇಲೂ ಪರೀಕ್ಷೆಗಳು ನಡೆದಿವೆ. ಎಳನೀರಿನಲ್ಲಿ ಹುಳಿ ಅಂಶ ಜಾಸ್ತಿ. ಹಾಲು ಕೈಗೆ ಸಿಗುವಾಗ ಅದನ್ನು ಹುಡುಕುವುದು ಬೇಡ.

ಮೇಲಿನ ಹಲ್ಲು ತುಂಬ ಮುಂದಕ್ಕಿರುವ ಮಕ್ಕಳಿಗೆ ಪೆಟ್ಟು ಬೀಳುವುದು ಜಾಸ್ತಿ, ತುಟಿ ಮುಚ್ಚಿಕೊಳ್ಳುವುದಿಲ್ಲವಲ್ಲ. ನಿಮ್ಮ ಮಗನಿಗೂ ಹಾಗಿದ್ದರೆ ಕ್ಲಿಪ್ ಹಾಕಿಸುವ ಬಗ್ಗೆ ಕೇಳಿ. ಕಬಡ್ಡಿ ಆಡುವ ಮಕ್ಕಳಿಗೆ ಹಲ್ಲು ಕಾಯುವ ಕವಚ, ಮೌತ್‌ಗಾರ್ಡ್, ಇರಲಿ. ಅದನ್ನು ಹಲ್ಲಿನ ಅಳತೆ ತೆಗೆದು ಮಾಡಿಕೊಡುತ್ತೇವೆ.

ಮಗ ಶಾಲೆಗೆ ಹೋಗಲು ನಾಚುತ್ತಿದ್ದರೆ ಬಲವಂತ ಬೇಡ, ಆದರೆ ತಂತಿ ತೆಗೆಯುವವರೆಗೂ ಮನೆಯಲ್ಲೇ ಕೂರಿಸುವುದೂ ಬೇಡ. ಸೈಕಲ್, ಆಟ ಎರಡು ವಾರ ಬಿಡಲಿ. ಮತ್ತೆ ಇನ್ನೊಂದು ಸಣ್ಣ ಕೆಲಸ ಇದೆ. ತಿಂಗಳಿಗೊಮ್ಮೆ ಅವನನ್ನು ಒಂದೇ ಜಾಗದಲ್ಲಿ, ಅದೇ ಬಾಗಿಲ ಬೆಳಕಿಗೆ ನಿಲ್ಲಿಸಿ, ನಗಿಸಿ, ಮೊಬೈಲಲ್ಲಿ ಒಂದು ಫೋಟೋ ತೆಗೆಯಿರಿ. ಹಲ್ಲು ಗಿಡ್ಡವಾಗುತ್ತಿದೆಯಾ ಎಂದು ಕನ್ನಡಿಯಲ್ಲಿ ದಿನಾ ನೋಡುವವರಿಗೆ ಗೊತ್ತಾಗುವುದಿಲ್ಲ, ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಮುಂದಿನ ತಪಾಸಣೆಗೆ ಹೋಗುವಾಗ ಎಕ್ಸ್‌ರೇ ಜೊತೆಗೆ ಆ ಮೊಬೈಲೂ ಇರಲಿ.